ಸೈಕಲ್ ಸೀಟು ಮತ್ತು ದೋರನಹಳ್ಳಿಯ ಸಂಬಂಧ

ಕುಳ್ಳಗಿರುವುದರಲ್ಲಿ ತಪ್ಪೇನಿಲ್ಲ, ಕುಳ್ಳಗಿದ್ದೂ ಎತ್ತರ ಕಾಣಬೇಕೆಂದು ಹಟ ಹಿಡಿಯುವುದಿದೆಯಲ್ಲ, ಕಷ್ಟಗಳೆಲ್ಲ ಅಲ್ಲಿಂದ ಶುರುವಾಗುತ್ತವೆ. ನಾನು ಎತ್ತರದವನಾಗಿದ್ದದ್ದು ಒಂದೇ ದಿನ, ಅದೂ ಸೈಕಲ್ಲಿನ ಮೇಲೆ. ಆ ದಿನವನ್ನು ನೆನೆದು ಈಗಲೂ ಮರುಗುತ್ತೇನೆ.

ನಿಜಾಮರ ಆಳ್ವಿಕೆ ಮುಗಿದು, ನಮ್ಮ ಕಡೆಯ ಉರ್ದು ಶಾಲೆಗಳಿಗೆ ಕನ್ನಡ ಮಾಸ್ತರರನ್ನು ಹುಡುಕುತ್ತಿದ್ದ ಕಾಲ ಅದು. ಕನ್ನಡ ಓದು ಬರಹ ಬರುತ್ತದೆಂಬ ಒಂದೇ ಯೋಗ್ಯತೆಯ ಮೇಲೆ ನನಗೆ ಶಹಾಪುರದಲ್ಲಿ ಹಂಗಾಮಿ ನೌಕರಿ ಸಿಕ್ಕಿತು. ನೌಕರಿಯ ಹಿಂದೆಯೇ ಹೆಣ್ಣು ನೋಡುವ ಮಾತೂ ಬಂತು. ದೋರನಹಳ್ಳಿಯ ನೀಲಮ್ಮ ಚೆಂದದ ಹುಡುಗಿ, ಚುರುಕು, ಆದರೆ ತುಸು ಎತ್ತರ ಎಂದು ತಿಳಿದದ್ದೇ ತಡ, ನನ್ನ ಸೋದರಮಾವ ಸೈಕಲ್ಲಿನ ಸೀಟಿಗೆ ಕೈಹಾಕಿದರು.

“ಊರಾಗ ಹೊಕ್ಕಾಗ ನಾಕು ಮಂದಿ ನೋಡ್ತಾರ. ಹುಡುಗ ಎತ್ತರ ಅದಾನ ಅನ್ನಬೇಕು” ಎನ್ನುತ್ತ ಸೀಟನ್ನು ಬಂದಷ್ಟೂ ಮೇಲಕ್ಕೆಳೆದು ಪಾನಾ ಹಾಕಿ ಬಿಗಿದರು. ಸೀಟಿನ ಮೂತಿ ಆಕಾಶ ನೋಡುತ್ತಿತ್ತು.

“ಮಾವ, ಕಾಲು ನಿಲುಕವಲ್ವು” ಎಂದೆ.

“ಪೆಡಲ್ ತಾನ ಮ್ಯಾಲ ಬರ್ತದ. ಬಂದಾಗ ತುಳಿ.”

ಮಾವ ಕ್ಯಾರಿಯರ್ ಮೇಲೆ ಕಂಬಳಿ ಮಡಚಿ ಹಾಕಿಕೊಂಡು ಸುಖವಾಗಿ ಕುಳಿತರು. ನಾನು ಎಡ ಪೆಡಲಿಗಾಗಿ ಎಡಕ್ಕೆ, ಬಲ ಪೆಡಲಿಗಾಗಿ ಬಲಕ್ಕೆ ಜಾರುತ್ತ ಹೋದೆ. ದೋರನಹಳ್ಳಿ ಮುಟ್ಟುವಷ್ಟರಲ್ಲಿ ಕೂರುವ ಜಾಗದ ಚರ್ಮವೆಲ್ಲ ಕಿತ್ತು ಬಂದಿತ್ತು. ಊರಿನಲ್ಲಿ ಒಬ್ಬರಾದರೂ ತಲೆಯೆತ್ತಿ ನನ್ನನ್ನು ನೋಡಲಿಲ್ಲ.

ನೀಲಮ್ಮನ ತಂದೆ ಪಡಸಾಲೆಯಲ್ಲಿ ಜಮಖಾನೆ ಹಾಸಿ, “ಬರ್ರಿ ಮಾಸ್ತರ, ಕುಂದರ್ರಿ” ಎಂದರು.

“ಇರ್ಲಿ ಬಿಡ್ರಿ, ನಿಂತಿರ್ತೀನಿ.”

ಅವರು ಮತ್ತೆ ಮತ್ತೆ ಕರೆದರು. ನಾನು ಕಂಬ ಹಿಡಿದು ನಿಂತೇ ಇದ್ದೆ. ಚಹಾ ತಂದ ನೀಲಮ್ಮ ನಗು ತಡೆದುಕೊಂಡು ಮೆಲ್ಲಗೆ ಕೇಳಿದಳು: “ಮನಿ ಬಿದ್ದೀತಂತ ಕಂಬ ಹಿಡದೀರೇನ್ರಿ?”

ಆ ಒಂದು ಮಾತಿಗೇ ಅವಳು ನನಗೆ ಹಿಡಿಸಿಬಿಟ್ಟಳು. ತಿರುಗಿ ಏನಾದರೂ ಹೇಳಬೇಕಿತ್ತು. ನೋವಿಗೆ ಹಲ್ಲು ಕಚ್ಚಿಕೊಂಡಿದ್ದವನಿಗೆ ಬಾಯಿ ತೆರೆಯಲಾಗಲಿಲ್ಲ. ಅವಳ ಮುಖದ ನಗು ಹಾಗೆಯೇ ಆರಿತು. ಲೋಟ ಇಟ್ಟು ಒಳಗೆ ಹೋದಳು.

ಕೆಲವೇ ದಿನಗಳಲ್ಲಿ ಅವಳ ತಂದೆಯಿಂದ ಸುದ್ದಿ ಬಂತು: “ಮಾಸ್ತರು ಕುಂದ್ರಾಕೂ ಒಲ್ಲೆ ಅಂದ್ರು. ನಮ್ಮ ಮನಿ ಅವರ ಮನಸಿಗೆ ಬಂದಿಲ್ಲ.”

“ಹೋಗಿ ಖರೇ ಹೇಳ್ರಿ ಮಾವ” ಎಂದು ಗೋಗರೆದೆ.

“ಏನಂತ ಹೇಳ್ಲೋ? ಎಲ್ಲಿ ಹುಣ್ಣಾಗೇದ ಅಂತ ಕೇಳಿದ್ರ ತೋರಸ್ತಿಯೇನು?”

ನಾನೇ ಹೋಗಬಹುದಿತ್ತು. ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ನೀಲಮ್ಮನನ್ನು ಕಕ್ಕೇರಾಕ್ಕೆ ಕೊಟ್ಟಾಗಿತ್ತು.

ಬಹಳ ವರ್ಷಗಳ ಮೇಲೆ ಸುರಪುರದ ಬಸ್ ನಿಲ್ದಾಣದಲ್ಲಿ ಅವಳೇ ಗುರುತು ಹಿಡಿದು ಮಾತಾಡಿಸಿದಳು. ಕ್ಷೇಮ ಸಮಾಚಾರ ಮುಗಿದ ಮೇಲೆ, “ಅವತ್ತ್ಯಾಕ ಒಲ್ಲೆ ಅಂದ್ರಿ? ನನ್ನ ಎತ್ತರ ನೋಡಿ ಬಿಟ್ರು ಅಂತ ತವರುಮನ್ಯಾಗ ಇನ್ನೂ ಅಂತಾರ” ಎಂದಳು.

“ಛೇ, ಹಂಗೇನಿಲ್ರಿ. ನೌಕರಿ ಖಾಯಂ ಆಗಿರಲಿಲ್ಲ.”

“ಅಷ್ಟಕ್ಕಾ? ನಾ ಹೂಂ ಅಂದಿದ್ದೆನಲ್ರಿ” ಎಂದಳು. ಅಷ್ಟರಲ್ಲಿ ಅವಳ ಗಂಡ ಬಂದು ಕರೆದ. ಗಂಟು ಎತ್ತಿಕೊಂಡು ಹೊರಟುಹೋದಳು.

ಖರೇ ಸಂಗತಿ ಹೇಳಿದ್ದರೆ ಅಲ್ಲೇ ನಿಂತು ಬಾಯ್ತುಂಬ ನಗುತ್ತಿದ್ದಳು, ಅವಳ ಮನಸ್ಸೂ ಹಗುರಾಗುತ್ತಿತ್ತು. ಆ ವಯಸ್ಸಿನಲ್ಲೂ ನಾನು ನನ್ನ ಮರ್ಯಾದೆಯನ್ನೇ ಕಾಯ್ದುಕೊಂಡೆ. ಅದು ಈಗಲೂ ನನ್ನ ಬಳಿ ಭದ್ರವಾಗಿದೆ. ಯಾವ ಕೆಲಸಕ್ಕೂ ಬಂದಿಲ್ಲ.