ಅತ್ತೆ ಬಾಡಿಗೆ ಮನೆ ಹುಡುಕಿದ್ದು

ನಮ್ಮ ಸೋದರತ್ತೆಯ ಜೊತೆ ಪ್ರವಾಸ ಹೊರಡುವವರಿಗೆ ನನ್ನದು ಒಂದೇ ಬುದ್ಧಿಮಾತು: ಮನೆಯಲ್ಲೇ ಹೊಟ್ಟೆ ತುಂಬ ಉಂಡು ಹೊರಡಿ. ಅತ್ತೆ ಜಿಪುಣೆಯಲ್ಲ, ಮಡಿ ಮೈಲಿಗೆಯ ರಗಳೆಯೂ ಅವರಿಗಿಲ್ಲ. ಆದರೆ ಯಾವ ಊರಿಗೆ ಹೋದರೂ ಆ ಊರಿನವರ ಕೈಯಡುಗೆಯನ್ನಷ್ಟೇ ಅವರು ಮುಟ್ಟುವುದು. ಒಮ್ಮೆ ಕರಾವಳಿಯ ಹೋಟೆಲೊಂದರಲ್ಲಿ ಮಲ್ಲಿಗೆಯಂಥ ನೀರುದೋಸೆ ಬಂತು. ನಾನು ಎರಡು ಮುಗಿಸುವುದರೊಳಗೆ ಅತ್ತೆ ಅಡುಗೆಯವನನ್ನು ಹೊರಗೆ ಕರೆಸಿ ಊರು ವಿಚಾರಿಸಿದರು. ಅವನು ನಮ್ಮ ಮನೆಯ ಪಕ್ಕದ ಚಾಮರಾಜಪೇಟೆಯವನು! ಅತ್ತೆ ತಟ್ಟೆಯನ್ನು ನನ್ನ ಕಡೆ ಸರಿಸಿ, "ಇವರ ಕೈ ರುಚಿ ನೋಡೋಕೆ ಮನೆಯಿಂದ ಆಟೋದಲ್ಲೇ ಹೋಗ್ಬಹುದಿತ್ತು" ಎಂದರು.

ಇನ್ನು ನಿಸರ್ಗ ಸೌಂದರ್ಯದ ಮಾತು. ಜಲಪಾತದ ಎದುರು ನಿಲ್ಲಿಸಿದರೆ ಅದಕ್ಕೆ ಬೆನ್ನು ಹಾಕಿ, ಸೌತೆಕಾಯಿ ಮಾರುವವಳ ಹತ್ತಿರ ಅವಳ ತವರಿನ ಸುದ್ದಿ ಕೇಳುತ್ತ ಕೂರುತ್ತಾರೆ. ನೀರು ಹೇಗಿದ್ದರೂ ಬೀಳುತ್ತಿರುತ್ತದಂತೆ, ಅದನ್ನು ನೋಡುವುದೇನಿದೆಯಂತೆ. ಇಂಥವರನ್ನು ಕಟ್ಟಿಕೊಂಡು ಯಾರು ತಾನೇ ಎರಡನೇ ಸಲ ಹೋದಾರು?

ಹೋದ ವರ್ಷ ಎಪ್ಪತ್ತೆರಡು ತುಂಬಿದ ಮೇಲೆ, ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ, ಬಸವನಗುಡಿ ಬಿಟ್ಟು ಹಳ್ಳಿಗೆ ಹೋಗಿ ಇರುವುದಾಗಿ ಅತ್ತೆ ಹೇಳಿದರು. ಅತ್ತೆ ಮದುವೆಯಾಗಲಿಲ್ಲ. ನಮ್ಮ ಮನೆಯ ಮಹಡಿಯ ಮೇಲಿನ ಕೋಣೆಯೇ ಅವರ ಸಂಸಾರ. ಶಾಲೆಯ ಮೇಡಮ್ಮಾಗಿ ಅವರ ಮೊದಲ ಕೆಲಸ ನಂದಿ ಬೆಟ್ಟದ ಆಚೆಗಿನ ಒಂದು ಹಳ್ಳಿಯಲ್ಲಿ. ನಾಲ್ಕು ವರ್ಷ ಅಲ್ಲಿದ್ದರು. ಈಗ ಅಲ್ಲಿಯೇ ಒಂದು ರೂಮು ಬಾಡಿಗೆಗೆ ಹಿಡಿಯುವುದು ಅವರ ಆಲೋಚನೆ. ಅಪ್ಪ ತಂಗಿಯ ಜೊತೆ ಮಾತು ಬಿಟ್ಟರು. ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, ಒಂದು ದಿನ ಕರೆದುಕೊಂಡು ಹೋಗಿ ಊರು ತೋರಿಸಿಕೊಂಡು ಬಾ, ಅವರಿಗೇ ತಿಳಿಯುತ್ತದೆ ಎಂದರು.

ದಾರಿಯಲ್ಲಿ ಅತ್ತೆ ನನಗೆ ಎಂದೂ ಹೇಳದಿದ್ದ ಒಂದು ಸಂಗತಿ ಹೇಳಿದರು. ಆ ಹಳ್ಳಿಯಲ್ಲಿ ಅವರು ಮುನಿಯಮ್ಮ ಎಂಬ ವಿಧವೆಯ ಮನೆಯ ಹಜಾರದ ಕೋಣೆಯಲ್ಲಿದ್ದರು. ಬೇರೆ ಜಾತಿಯವರ ಮನೆಯಲ್ಲಿ ನೀರು ಕೂಡ ಕುಡಿಯಬಾರದೆಂದು ಅಜ್ಜಿ ಆಣೆ ಹಾಕಿಸಿ ಕಳಿಸಿದ್ದರಂತೆ. ಮೊದಲ ಮಳೆಗಾಲಕ್ಕೇ ಅತ್ತೆಗೆ ಜ್ವರ ಬಂದು, ಸೀಮೆಎಣ್ಣೆ ಸ್ಟೌ ಹಚ್ಚುವ ಶಕ್ತಿಯೂ ಇಲ್ಲದಂತಾಯಿತು. ಮುನಿಯಮ್ಮ ರಾಗಿ ಅಂಬಲಿ ಕಾಯಿಸಿ ತಂದು ಬಾಗಿಲಲ್ಲೇ ನಿಂತರು. ಒಳಗೆ ಬರಲು ಅವರಿಗೂ ಹೆದರಿಕೆ. ಅತ್ತೆ ಎದ್ದು ಹೋಗಿ ಇಸಿದುಕೊಂಡು ಕುಡಿದರು. ಆಮೇಲೆ ನಾಲ್ಕು ವರ್ಷ ಅವರ ಒಲೆಯ ಮುಂದೆಯೇ ಊಟ. ಅಜ್ಜಿ ಸಾಯುವವರೆಗೂ ಅತ್ತೆ ಅದನ್ನು ಅವರಿಗೆ ಹೇಳಲಿಲ್ಲ. "ಹೇಳಿದ್ರೆ ನಿಮ್ಮಜ್ಜಿ ನನ್ನನ್ನ ಅಲ್ಲಿರೋಕೆ ಬಿಡ್ತಿರ್ಲಿಲ್ಲ, ಊರು ಬಿಡಿಸ್ತಿದ್ರು" ಎಂದರು.

ಬೆಟ್ಟದ ಸಾಲು ಕಾಣಿಸಿತು. ಅತ್ತೆ ಅದನ್ನು ನೋಡಲಿಲ್ಲ ಎಂದು ಬೇರೆ ಹೇಳಬೇಕೇ? ಅವರ ಕಣ್ಣು ರಸ್ತೆಯ ಪಕ್ಕದ ಜನರ ಮೇಲಿತ್ತು. ಹಿಪ್ಪುನೇರಳೆ ತೋಟಗಳಿದ್ದ ಕಡೆ ಬಿಳಿ ಪ್ಲಾಸ್ಟಿಕ್ ಹೊದ್ದ, ಗುಲಾಬಿ ಬೆಳೆಯುವ ಹಸಿರುಮನೆಗಳು. ಅವು ಮುಗಿದರೆ ಸೈಟುಗಳು, ಅವುಗಳ ಮುಂದೆ ಇಂಗ್ಲಿಷ್ ಹೆಸರಿನ ಕಮಾನುಗಳು. ಒಂದು ಕಡೆ 'ಅಪ್ಪಟ ಹಳ್ಳಿ ಊಟ' ಎಂಬ ಬೋರ್ಡು ಕಂಡು ನಾನು ಆಸೆಯಿಂದ ಕಾರು ನಿಲ್ಲಿಸಿದೆ. ಬಡಿಸುವವನು ಅಸ್ಸಾಮಿನವನು, ಅಡುಗೆಯವನು ನೇಪಾಳದವನು. ಅತ್ತೆ ಇಬ್ಬರ ಕ್ಷೇಮಸಮಾಚಾರವನ್ನೂ ತಮ್ಮ ಹರಕು ಹಿಂದಿಯಲ್ಲಿ ವಿಚಾರಿಸಿ, ನೀರು ಕುಡಿದು ಎದ್ದರು. ನಾನೂ ಹಿಂದೆಯೇ ಏಳಬೇಕಾಯಿತು. ದ್ರಾಕ್ಷಿ ತೋಟದಲ್ಲಿ ಒಬ್ಬ ಹೆಂಗಸು ಅಚ್ಚ ಕನ್ನಡದಲ್ಲಿ ಊಟಕ್ಕೆ ಕರೆದಾಗ ನನಗೆ ಜೀವ ಬಂತು. ಅವಳು ಯಾದಗಿರಿ ಕಡೆಯವಳು. ಮಧ್ಯಾಹ್ನ ಎರಡು ದಾಟಿತ್ತು. ನನ್ನ ಹೊಟ್ಟೆಯ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ.

ಹಳ್ಳಿಯಲ್ಲಿ ಮುನಿಯಮ್ಮನವರ ಹೆಂಚಿನ ಮನೆ ಇರಲಿಲ್ಲ. ಅಲ್ಲಿ ಮೂರು ಅಂತಸ್ತಿನ ಕಟ್ಟಡ, ಪ್ರತಿ ಬಾಗಿಲ ಮುಂದೆಯೂ ಬೇರೆ ಬೇರೆ ಸಂಸಾರದ ಚಪ್ಪಲಿಗಳು. ಅತ್ತೆ ಅಂಗಳದಲ್ಲಿ ನಿಂತು ಒಳಗಿದ್ದವರನ್ನು ಕರೆದರು. ಒಳಗಿನಿಂದ ಬಂದ ಹೆಂಗಸಿಗೆ ಅರವತ್ತರ ಹತ್ತಿರದ ವಯಸ್ಸು. ಬಲಗೈಗೆ ಬಟ್ಟೆಯ ಪಟ್ಟಿ ಸುತ್ತಿದ್ದಳು. ಅತ್ತೆಯನ್ನು ನೋಡಿದವಳೇ ಸೆರಗು ಸರಿಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಕೂಗಿದಾಗ ನಿಲ್ಲುವ ಹಾಗೆ ನೆಟ್ಟಗೆ ನಿಂತಳು. ಅವಳು ಮುನಿಯಮ್ಮನ ಮಗಳು ವೆಂಕಟಲಕ್ಷ್ಮಿ. ಒಂದನೇ ಕ್ಲಾಸಿನಲ್ಲಿ ಅತ್ತೆಯ ಬಳಿ ಅಕ್ಷರ ಕಲಿತವಳು. ಮುನಿಯಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಅತ್ತೆ ಸುತ್ತಿ ಬಳಸದೆ ಬಾಡಿಗೆಗೆ ರೂಮು ಬೇಕೆಂದು ಕೇಳಿದರು. ವೆಂಕಟಲಕ್ಷ್ಮಿ ನೆಲ ನೋಡಿದಳು.

"ನೀವು ಇಲ್ಲಿಗೆ ಬತ್ತೀನಂತೀರ, ನಾವೇ ನಿಮ್ ಕಡೆ ಬತ್ತಾ ಇದೀವಿ ಮೇಡಮ್. ನಮ್ಮೋರಿಗೆ ಕಿಡ್ನಿ ಹೋಗೈತೆ. ವಾರಕ್ಕೆ ಮೂರ್ ದಿನ ಡಯಾಲಿಸಿಸ್ ಮಾಡುಸ್ಬೇಕು. ಶ್ರೀರಾಂಪುರದಾಗೆ ಮನೆ ನೋಡಿದೀವಿ."

ಅಕ್ಕಪಕ್ಕದವರೆಲ್ಲ ಜಮೀನು ಮಾರಿ ಹೋಗಿದ್ದರು. ಅತ್ತೆಯ ಶಿಷ್ಯರಲ್ಲಿ ಊರಲ್ಲಿ ಉಳಿದವಳು ಅವಳೊಬ್ಬಳೇ. ಅವಳೂ ಗಂಟುಮೂಟೆ ಕಟ್ಟುತ್ತಿದ್ದಳು.

ಉಂಡೇ ಹೋಗಬೇಕೆಂದು ಹಟ ಹಿಡಿದಳು. ಕೈ ಸುಟ್ಟುಕೊಂಡಿದ್ದರಿಂದ ಅಡುಗೆ ಮಾಡಿದ್ದು ಪಕ್ಕದ ರೂಮಿನ ಸಬಿತಾ. ಅವಳೇ ಮುದ್ದೆ, ಸೊಪ್ಪಿನ ಸಾರು ತಂದಿಟ್ಟಳು. ಸೊಂಟದ ಮೇಲೊಂದು ಹೆಣ್ಣುಕೂಸು. ಅತ್ತೆ ಈಗ ಇವಳ ಊರು ವಿಚಾರಿಸುತ್ತಾರೆಂದು ನನಗೆ ಭಯ. ಅತ್ತೆ ನನ್ನ ಭಯ ಹುಸಿ ಮಾಡಲಿಲ್ಲ.

"ಯಾವ ಊರಮ್ಮಾ ನಿಂದು?"

"ಒಡಿಶಾ, ಅಮ್ಮಾ. ಇಲ್ಲಿಗೆ ಬಂದು ಆರ್ ವರ್ಷ ಆಯ್ತು. ಪಾಪ ಇಲ್ಲೇ ಹುಟ್ಟಿದ್ದು. ಮುದ್ದೆ ಕಟ್ಟೋದು ಈ ಅಕ್ಕ ಹೇಳ್ಕೊಟ್ರು." ಆಮೇಲೆ ಮರ್ಯಾದೆಗೆಂದು ಅವಳೂ ಕೇಳಿದಳು, "ನೀವು ಇದೇ ಊರೋರಾ?"

ಅತ್ತೆ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. "ನಾಲ್ಕು ವರ್ಷ ಇದ್ದೆ" ಎಂದರು ಮೆಲ್ಲಗೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ತಟ್ಟೆಯಲ್ಲಿ ಒಂದು ಚೂರೂ ಉಳಿಸಲಿಲ್ಲ. ಕೈ ತೊಳೆಯುವಾಗ ಸಬಿತಾಳ ಕೂಸಿನ ಕೆನ್ನೆ ಮುಟ್ಟಿ, ಶಾಲೆಗೆ ತಪ್ಪದೆ ಸೇರಿಸಬೇಕೆಂದು ಅವಳಿಗೆ ತಾಕೀತು ಮಾಡಿದರು.

ಮನೆಗೆ ಬಂದ ಮೇಲೆ ರೂಮಿನ ಮಾತು ಮತ್ತೆ ಬರಲಿಲ್ಲ. ಅಪ್ಪ ಗೆದ್ದವರಂತೆ ಪೇಪರ್ ಓದಿದರು. ಅತ್ತೆ ಮಾತ್ರ ಒಂದೆರಡು ವಾರ ಮಹಡಿಯಿಂದ ಇಳಿಯುವುದೇ ಕಡಿಮೆಯಾಯಿತು. ಅಮ್ಮನಿಗೆ ಅದನ್ನು ನೋಡಿ ನಾವು ತಪ್ಪು ಮಾಡಿದೆವೋ ಏನೋ ಎನ್ನಿಸತೊಡಗಿತು.

ವೆಂಕಟಲಕ್ಷ್ಮಿ ಶ್ರೀರಾಂಪುರಕ್ಕೆ ಬಂದ ದಿನವೇ ಫೋನ್ ಮಾಡಿದಳು. ಮರುದಿನದಿಂದ ಅತ್ತೆಗೆ ಹೊಸ ದಿನಚರಿ. ಅವಳ ಗಂಡನ ಡಯಾಲಿಸಿಸ್ ಇರುವ ದಿನಗಳಂದು ಬೆಳಿಗ್ಗೆಯೇ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ, ಹೊರಗಿನ ಬೆಂಚಿನ ಮೇಲೆ ಅವಳ ಜೊತೆ ಕೂರುವುದು. ಅವಳಿಗೆ ಈ ಊರಲ್ಲಿ ಗುರುತಿನವರೇ ಇರಲಿಲ್ಲ. ಯಾವ ಡಾಕ್ಟರಿಗೆ ಏನು ಕೇಳಬೇಕೆಂದು ಅತ್ತೆ ಹೇಳಿಕೊಡುತ್ತಿದ್ದರಂತೆ.

ಮೊನ್ನೆ ಸಂಜೆ ತರಕಾರಿಗೆಂದು ಗಾಂಧಿ ಬಜಾರಿಗೆ ಹೋಗಿದ್ದೆ. ಹೂವಿನ ಅಂಗಡಿಗಳ ಎದುರು ಅತ್ತೆ, ವೆಂಕಟಲಕ್ಷ್ಮಿ ಇಬ್ಬರೂ ರಸ್ತೆ ದಾಟಲು ನಿಂತಿದ್ದರು. ಆಟೋಗಳ ನಡುವೆ ಹೆಜ್ಜೆಯಿಡಲು ವೆಂಕಟಲಕ್ಷ್ಮಿಗೆ ಧೈರ್ಯ ಸಾಲದು. ಮುಂದೆ ಬಂದು ಮತ್ತೆ ಹಿಂದೆ ಸರಿಯುತ್ತಿದ್ದಳು. ನಾನು ಸಹಾಯಕ್ಕೆ ಹೋಗಬೇಕೆನ್ನುವಷ್ಟರಲ್ಲಿ, ಎಪ್ಪತ್ತು ದಾಟಿದ ಅತ್ತೆ ತಿರುಗಿ ನೋಡದೆಯೇ ತಮ್ಮ ಕೈಯನ್ನು ಹಿಂದಕ್ಕೆ ಚಾಚಿದರು. ನೆರೆತ ಕೂದಲಿನ ಆ ಶಿಷ್ಯೆ ಅವರ ಕಿರುಬೆರಳೊಂದನ್ನು ಭದ್ರವಾಗಿ ಹಿಡಿದುಕೊಂಡಳು.