‘ಅವರು’ ಅಂದರೆ ಎಷ್ಟು ಜನ?

ನಮ್ಮ ಚಿಕ್ಕಪ್ಪನ ಜೊತೆ ಮಾತಾಡಿ ನೆಮ್ಮದಿಯಾಗಿ ಮನೆಗೆ ಹೋದವರು ಬಂಗಾರಪೇಟೆಯಲ್ಲಿ ಒಬ್ಬರೂ ಇರಲಿಲ್ಲ! ಬೈಯುತ್ತಿದ್ದರೇ? ಛೆ, ಇಲ್ಲಪ್ಪ. ನೀವಾಡಿದ ಮಾತನ್ನೇ ಎತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, “ಇದನ್ನೇ ಏನು ನೀವು ಹೇಳಬೇಕಂತಿದ್ದದ್ದು?” ಎನ್ನುತ್ತಿದ್ದರು. ಅಷ್ಟೇ. ಅಷ್ಟು ಸಾಕಾಗಿತ್ತು.

“ಅಡುಗೆ ಆಯ್ತು, ಬನ್ನಿ” ಎಂದು ಚಿಕ್ಕಮ್ಮ ಕರೆದರೆ ಇವರು ಒಳಗೆ ಹೋಗಿ ಒಲೆ ನೋಡುತ್ತಿದ್ದರು. “ಸಾರು ಇನ್ನೂ ಕುದೀತಿದೆ. ಆಯ್ತು ಅಂದರೆ ಹೇಗೆ?”

“ಸಾರು ಆಗಿಲ್ಲ, ನನಗೆ ಸಾಕಾಗಿದೆ. ಇದನ್ನ ಬರ್ಕೊಳ್ಳಿ!” ಎನ್ನುತ್ತಿದ್ದರು ಚಿಕ್ಕಮ್ಮ.

ರಾಬರ್ಟ್‌ಸನ್‌ಪೇಟೆ ಸಂತೆಯಲ್ಲಿ ಒಬ್ಬಳು, “ಈಗ್ತಾನೇ ಕಿತ್ತಿದ್ ಬದ್ನೇಕಾಯಿ ಸಾಮಿ” ಅಂದಳು. “ಈಗ ಅಂದರೆ ಎಷ್ಟು ಹೊತ್ತಿಗೆ? ಯಾರು ಕಿತ್ತದ್ದು? ನೀನು ನೋಡಿದೆಯಾ?” ಆಕೆ ಎರಡು ಹಿಡಿ ಬದನೆಕಾಯಿ ಇವರ ಚೀಲಕ್ಕೆ ಸುರಿದು, “ಸುಮ್ನೆ ತಕೊಂಡ್ ಓಗಿ, ನಿಮ್ಗೆ ಪುಣ್ಯ ಬತ್ತದೆ!” ಎಂದು ಕೈಮುಗಿದಳು.

ಇಂಥ ಮನುಷ್ಯನಿಗೆ ಸರ್ಕಾರ ಯಾವ ಕೆಲಸ ಕೊಟ್ಟಿತ್ತು ಗೊತ್ತೇ? ರಾಬರ್ಟ್‌ಸನ್‌ಪೇಟೆಯ ಕೋರ್ಟಿನಲ್ಲಿ ದುಭಾಷಿ! ಕನ್ನಡ, ತೆಲುಗು, ತಮಿಳು ಮೂರನ್ನೂ ಕಲೆಸಿ ಆಡುವ ಗಣಿಯ ಜನರ ಮಾತನ್ನು ಬಿಳಿ ದೊರೆ ಮ್ಯಾಜಿಸ್ಟ್ರೇಟರಿಗೆ ಇಂಗ್ಲಿಷಿನಲ್ಲಿ ಹೇಳುವುದು. ನಾನು ಅಲ್ಲೇ ನಕಲು ಬರೆಯುವ ಗುಮಾಸ್ತ. ಹಾಗಾಗಿ ಮುಂದಿನದನ್ನು ನನ್ನ ಕಣ್ಣಾರೆ ಕಂಡೆ.

ಯುದ್ಧದ ಕಾಲ. ಉರಿಗಾಂನ ಚಿನ್ನದ ಗಣಿಯ ಒಬ್ಬ ಕೂಲಿ ಹುಡುಗ ಬಂಡೆ ಸಿಡಿಸುವ ಮದ್ದನ್ನು ಕದ್ದು ತಂದು, ತನ್ನ ಮೇಸ್ತ್ರಿಯ ಜಗಲಿಗೆ ಎಸೆದುಬಿಟ್ಟ. ಮೇಸ್ತ್ರಿಯ ಒಂದು ಕಾಲು ಹೋಯಿತು. ಸಿಕ್ಕಿಬಿದ್ದವನು ತಾಲ್ಲೂಕಿನ ಅಮಲ್ದಾರರ ಮುಂದೆ ಹೇಳಿ ಬರೆಸಿದ್ದು ಇಷ್ಟು: “ಅವ್ರಿಗೂ ಒಸಿ ಬಯ ಆಗ್ಲಿ ಅಂತ ಎಸ್ದೆ. ಸತ್ರೆ ಸಾಯ್ಲಿ ಅಂತಾನೂ ಅಂದ್ಕೊಂಡೆ.”

‘ಭಯೋತ್ಪಾದನೆ’ ಎಂಬ ಮಾತು ಆಗ ನಮ್ಮ ಬಾಯಿಗೆ ಬಂದಿರಲಿಲ್ಲ. ಪೊಲೀಸರ ಬಾಯಲ್ಲಿ ಮಾತ್ರ ‘ಟೆರರಿಸ್ಟ್’ ಎಂಬುದು ಸದಾ ಇರುತ್ತಿತ್ತು. ಚಿನ್ನದ ಗಣಿ, ಸಿಡಿಮದ್ದು, ಮೇಲಾಗಿ ‘ಅವರಿಗೆ ಭಯ ಆಗಲಿ’! ಅವರು ಅಂದರೆ ದೊರೆಗಳು, ಸರ್ಕಾರ, ಇನ್ನೇನು ಬೇಕು? ಹಾಗೆಂದು ಸಾಬೀತಾದರೆ ಆ ಹುಡುಗ ಸಾಯುವವರೆಗೂ ಜೈಲು.

ವಿಚಾರಣೆಯ ಹಿಂದಿನ ದಿನ ಇನ್ಸ್‌ಪೆಕ್ಟರು ಮನೆಗೇ ಬಂದರು. “ಬರೆದದ್ದನ್ನ ನೆಟ್ಟಗೆ ಓದಿಬಿಡಿ, ರಾಯರೇ. ಪೆನ್ಷನ್ನೂ ಹತ್ತಿರ ಬಂತಲ್ಲ.”

“ನೆಟ್ಟಗೇ ಓದ್ತೀನಿ” ಎಂದರು ಚಿಕ್ಕಪ್ಪ.

ಬೆಳಗ್ಗೆ ಕೋರ್ಟಿನ ಬಾಗಿಲಲ್ಲಿ ಹುಡುಗನ ತಾಯಿ ಚಿಕ್ಕಪ್ಪನ ಕಾಲಿಗೆ ಬಿದ್ದಳು. ಗಂಡ ಸತ್ತವಳು, ಇವನೊಬ್ಬನೇ ಮಗ. “ಆ ‘ಸಾಯ್ಲಿ’ ಅನ್ನೋದೊಂದ್ ಬುಟ್ಬುಡಿ, ಸಾಮಿ.”

“ಆ ಮೇಸ್ತ್ರಿಗೆ ಕಾಲಿಲ್ಲ ತಾಯಿ. ಅದನ್ನ ಬಿಡೋಕಾಗಲ್ಲ.”

ಒಳಗೆ ಸರ್ಕಾರಿ ವಕೀಲರು ‘ಅವರಿಗೆ’ ಎಂಬಲ್ಲಿ ಬೆರಳಿಟ್ಟು, “ಬಹುವಚನ! ಒಬ್ಬನ ಬಗ್ಗೆ ಆಡಿದ ಮಾತಲ್ಲ ಇದು!” ಎಂದು ಗುಡುಗಿದರು.

ಚಿಕ್ಕಪ್ಪ ಎದ್ದು ನಿಂತರು. “ಸ್ವಾಮಿ, ನನ್ನ ಹೆಂಡತಿ ಮೂವತ್ತು ವರ್ಷದಿಂದ ನನ್ನನ್ನ ‘ಅವರು’ ಅಂತಲೇ ಅನ್ನೋದು. ನಾನೇನು ಗುಂಪೇ?”

ಕೋರ್ಟಿಗೆ ಕೋರ್ಟೇ ನಕ್ಕಿತು! ದೊರೆ ಮಾತ್ರ ನಗಲಿಲ್ಲ. “ಅವರು ಯಾರೆಂದು ಅವನನ್ನೇ ಕೇಳಿ” ಎಂದರು.

“ಇನ್ಯಾರು? ನಮ್ ಮೇಸ್ತ್ರಿಯೋರು” ಎಂದ ಹುಡುಗ. “ನಮ್ಮಪ್ಪನ್ನ ಎಲ್ರ ಮುಂದೆ ಕಾಲಲ್ಲಿ ಒದ್ರು. ನಮ್ಮಪ್ಪ ಆಮೇಲೆ ತಲೆ ಎತ್ಲೇ ಇಲ್ಲ, ಅಂಗೇ ಓಗ್ಬುಟ್ಟ.”

“ಅಂಥವನಿಗೂ ಮರ್ಯಾದೆಯ ಮಾತೇ?” ಎಂದರು ಚಿಕ್ಕಪ್ಪ.

“ದೊಡ್ಡೋರಲ್ವಾ ಸಾಮಿ?”

ಚಿಕ್ಕಪ್ಪ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು. ‘ಸಾಯ್ಲಿ’ ಎಂಬುದನ್ನೂ ಬಿಡಲಿಲ್ಲ. ಟೆರರಿಸಂ ಅಲ್ಲ, ಕೊಲೆಯ ಪ್ರಯತ್ನ ಎಂದು ತೀರ್ಪಾಯಿತು. ಐದು ವರ್ಷ ಶಿಕ್ಷೆ. ಇನ್ಸ್‌ಪೆಕ್ಟರು ಚಿಕ್ಕಪ್ಪನನ್ನು ಕಂಡು ಮುಖ ತಿರುಗಿಸಿದರು. ಆ ತಾಯಿ ಬೀದಿಯಲ್ಲಿ ನಿಂತು ಮಣ್ಣು ತೂರಿ ಶಪಿಸಿದಳು. ಎರಡು ಕಡೆಗೂ ಬೇಡವಾದ ಆ ಮನುಷ್ಯನ ಪಕ್ಕದಲ್ಲಿ, ಅವರ ಕೊಡೆ ಹಿಡಿದು, ನಾನು ಎದೆಯುಬ್ಬಿಸಿ ಸ್ಟೇಷನ್ನಿಗೆ ನಡೆದೆ. ಇವರು ನನ್ನ ಚಿಕ್ಕಪ್ಪ ಎಂದು ಕೂಗಿ ಹೇಳಬೇಕೆನ್ನಿಸಿತ್ತು!

ಮುಂದಿನ ಭಾನುವಾರ ಚಿಕ್ಕಪ್ಪ ಉರಿಗಾಂಗೆ, ಆ ತಾಯಿಯ ಮನೆಗೆ, ಹೋದರು. ಮಗನಿಗೆ ಕಾಗದ ಬರೆದುಕೊಡುತ್ತೇನೆಂದರೆ ಆಕೆ ಬಾಗಿಲು ಹಾಕಿಕೊಂಡಳು. ಮೂರನೆಯ ಭಾನುವಾರ ತೆರೆದಳು. ಐದು ವರ್ಷ ಅವಳು ಹೇಳಿದಳು, ಇವರು ಬರೆದರು. ಬಿಡುಗಡೆಗೆ ಎಂಟು ದಿನ ಇದ್ದಾಗ ಆಕೆ ತೀರಿಕೊಂಡಳು.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಾವಿಬ್ಬರೂ ಕಾದೆವು. ಬಿಡುಗಡೆಯಾಗಿ ರೈಲಿಳಿದವನು ನಮ್ಮ ಹಿಂದೆ, ಅಕ್ಕಪಕ್ಕ, ಕಣ್ಣಾಡಿಸಿದ.

“ಅವ್ವ ಬರ್ಲಿಲ್ವಾ, ಸಾಮಿ?”

ಚಿಕ್ಕಪ್ಪ ಅವನ ಕೈಯಲ್ಲಿದ್ದ ಗಂಟನ್ನು ತಾವೇ ತೆಗೆದುಕೊಂಡು, ಇನ್ನೊಂದು ಕೈಯಿಂದ ಅವನ ಕೈ ಹಿಡಿದರು.

“ಬಾ ಮಗ,” ಎಂದರು, “ಮನೆಗೆ ಹೋಗೋಣ.”