ಅರಿಶಿನ ಹಚ್ಚಿದ ಅಟ್ಯಾಚ್‌ಮೆಂಟು

ವೆಬ್‌ಸೈಟ್ ಕಟ್ಟಿಕೊಡುವವನಿಗೆ ನಗೆಪಾಟಲು ಎಲ್ಲಿ ಹೋದರೂ ತಪ್ಪಿದ್ದಲ್ಲ. ಅದರಲ್ಲೂ ವಧೂವರರ ಕೇಂದ್ರಕ್ಕೆ ಕಟ್ಟಿಕೊಟ್ಟರೆ ವಾರಕ್ಕೊಂದು ಗ್ಯಾರಂಟಿ. ಪಾಂಡವಪುರದ ಆ ಕೇಂದ್ರ ನಡೆಸುವವರು ಒಬ್ಬ ನಿವೃತ್ತ ಮೇಷ್ಟ್ರು. ಗಂಡಿನ ಜಾತಕ ಹೆಣ್ಣಿನ ಮನೆಗೆ ಈಮೇಲಿನಲ್ಲಿ ತಾನಾಗಿಯೇ ಹೋಗಬೇಕೆಂಬುದು ಅವರ ಆಸೆ. "ಇದೊಂದ ನೆಟ್ಟಗೆ ಮಾಡ್ಕೊಡು ಕಣ್ಲಾ, ನಿಂಗೂ ಒಂದ್ ಹೆಣ್ಣು ನೋಡ್ತೀನಿ" ಎಂದಿದ್ದರು. ನನಗೆ ಮೂವತ್ನಾಲ್ಕು. ಕೆ.ಆರ್. ಪೇಟೆಯಿಂದ ದಿನಾ ಬಸ್ಸು ಹತ್ತಲು ಬೇರೆ ಕಾರಣ ಬೇಕಿರಲಿಲ್ಲ.

೧. ನಾಲ್ಕು ಮೂಲೆ

ಮೊದಲ ಜಾತಕ ಸ್ಕ್ಯಾನ್ ಮಾಡಿ, ಮೇಲ್‌ಗೆ ಲಗತ್ತಿಸಿ ತೋರಿಸಿದೆ. ಮೇಷ್ಟ್ರು ಮುಖ ಸಿಂಡರಿಸಿದರು.

"ಮೂಲೇಗೆ ಅರಿಶಿನ ಎಲ್ಲಿ? ಬರೀ ಜಾತ್ಕ ಯಾರ್ಲಾ ಕಳಿಸ್ತಾರೆ? ತಿಥಿ ಕಾಗ್ದ ಅನ್ಕಂಡಾರು!"

"ಕಂಪ್ಯೂಟರ್ ಫೈಲು ಸಾ, ಅರಿಶಿನ ಅಂಟಲ್ಲ."

ಮಾರನೆಯ ದಿನ ಹೋಗಿ ನೋಡಿದರೆ ಸ್ಕ್ಯಾನರಿನ ಗಾಜಿನ ನಾಲ್ಕು ಮೂಲೆಗೂ ಅರಿಶಿನ ಮೆತ್ತಿದೆ. "ಒಂದೊಂದ್ಕೂ ಯಾಕ್ ಅಚ್ಚೋದು ಅಂತ ಒಂದೇ ಸಲ ಅಚ್ಬುಟ್ಟೆ" ಎಂದರು. ಆವತ್ತು ಸ್ಕ್ಯಾನ್ ಮಾಡಿದ ಕರೆಂಟ್ ಬಿಲ್ಲೂ ಮಂಗಳಕರವಾಗಿಯೇ ಬಂತು.

೨. ಕಾಣದ ಸಾಲು

ಮೇಲ್‌ನ ತಲೆಯಲ್ಲಿ ಹೆಡರ್ ಅಂತ ಸಾಲುಗಳಿರುತ್ತವೆ, ನಮಗೆ ಬೇಕಾದ್ದನ್ನೂ ಸೇರಿಸಬಹುದು, ಓದುವವರ ಕಣ್ಣಿಗೆ ಬೀಳುವುದಿಲ್ಲ ಎಂದು ಜಂಬ ಕೊಚ್ಚಿಕೊಂಡೆ.

"ಉಡುಕುದ್ರೆ ಸಿಕ್ತದಾ?"

"ಗೊತ್ತಿರೋರು ಉಡುಕುದ್ರೆ ಸಿಕ್ತದೆ ಸಾ."

"ಅಂಗಾರೆ ಗಂಡಿನ ನಿಜವಾದ ವಯಸ್ಸ ಅಲ್ಲಿ ಆಕ್ಬುಡು. ನಾಳೀಕೆ ಯಾಕ್ ಯೋಳ್ನಿಲ್ಲ ಅಂದ್ರೆ, ಕಳ್ಸಿದ್ವಲ್ಲ, ನೀವೇ ನೋಡ್ನಿಲ್ಲ ಅನ್ನವ!"

೩. ಸಾಲಾಗಿ ಹೊರಟ ಗಂಡುಗಳು

ಇದು ನನ್ನದೇ ತಪ್ಪು. ಪರೀಕ್ಷೆಗೆಂದು ನನ್ನ ಜಾತಕವನ್ನೇ ಲಗತ್ತಿಸಿ, ಉತ್ತರಗಳು ನನ್ನ ವಿಳಾಸಕ್ಕೆ ಬರುವಂತೆ ಒಂದು ಹೆಡರ್ ಹಾಕಿದ್ದೆ. ಎರಡನ್ನೂ ತೆಗೆಯಲು ಮರೆತೆ. ಸಾಲದ್ದಕ್ಕೆ, ಒಂದು ಮೇಲ್ ಹೋದ ಮೇಲೆ ಲಗತ್ತುಗಳ ಪಟ್ಟಿ ಖಾಲಿ ಮಾಡುವ ಸಾಲನ್ನೇ ಪ್ರೋಗ್ರಾಮಿನಲ್ಲಿ ಬರೆದಿರಲಿಲ್ಲ. ಮೊದಲ ಮನೆಗೆ ನನ್ನ ಜಾತಕ, ಅದರ ಹಿಂದೆ ಅವರಿಗೆ ಗೊತ್ತು ಮಾಡಿದ ಗಂಡಿನದು. ಎರಡನೆಯ ಮನೆಗೆ ಮೂರು. ಹೀಗೆ ಒಂದೊಂದು ಮನೆಗೂ ಒಂದೊಂದು ಹೆಚ್ಚುತ್ತಾ ಹೋಯಿತು. ಎಲ್ಲದರಲ್ಲೂ ಮುಂದೆ ನಿಂತಿದ್ದವನು ನಾನೇ.

ಐದನೆಯ ಮನೆ ಅರಕೆರೆ. ಅಲ್ಲಿಂದ ಉತ್ತರ ಬಂತು: "ಒಂದು ಹೆಣ್ಣಿಗೆ ಆರು ಗಂಡೇ? ಪಾಂಡವಪುರದವರು ಐದಕ್ಕಾದರೂ ನಿಲ್ಲಿಸಬಾರದಾ?"

ಮೇಷ್ಟ್ರು ತಲೆ ಚಚ್ಚಿಕೊಂಡರು. ಇನ್ನು ನನಗೆ ಹೆಣ್ಣು ನೋಡುವ ಮಾತೆಲ್ಲಿ ಎಂದು ನಿಜಕ್ಕೂ ಸಂಕಟವಾಯಿತು. ಅಷ್ಟರಲ್ಲಿ ನಾಗಮಂಗಲದ ಆರನೆಯ ಮನೆಯಿಂದ ಇನ್ನೊಂದು ಮೇಲ್: "ಜಾತಕ ಕೂಡಿ ಬಂದಿದೆ. ಭಾನುವಾರ ಹೆಣ್ಣು ನೋಡಲು ಬನ್ನಿ." ಕೆಳಗೆ ಫೋನ್ ನಂಬರು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇಸ್ತ್ರಿ ಮಾಡಿಸಬೇಕಾದ ಶರಟೂ ನೆನಪಾಯಿತು. "ತಡಿಲಾ, ಯಾರ್ ಜಾತ್ಕ ಅಂತ ಮೊದ್ಲು ಕೇಳು" ಎಂದರು ಮೇಷ್ಟ್ರು. ಫೋನ್ ಮಾಡಿ ಸ್ಪೀಕರ್ ಹಾಕಿದೆ. ಹುಡುಗಿಯ ಅಪ್ಪ ಬಹಳ ಖುಷಿಯಲ್ಲಿದ್ದರು.

"ಏಳೂ ತೋರುಸ್ದೋ ಕಣಪ್ಪ. ಆ ಮೊದಲ್ನೇದು ಒಂದ್ ಬುಟ್ಟು, ಮಿಕ್ಕಿದ್ರಲ್ಲಿ ಯಾರ್ನಾರ ಕರ್ಕಬನ್ನಿ!"